ಬೀಳಬಾರದಿದ್ದ ಸೇತುವೆ

ನನ್ನ ಪ್ರೀತಿಯ ತಮ್ಮಾ,

ಫೋನು ಎತ್ತದವನಿಗೆ ಕಾಗದ ಬರೆಯದೆ ಇನ್ನೇನು ಮಾಡಲಿ? ಇದನ್ನು ನಿನ್ನ ಹೆಂಡತಿಯ ಕೈಯಲ್ಲಿ ಕಳಿಸುತ್ತಿದ್ದೇನೆ. ಸಿನಿಮಾ ಬಿಡುಗಡೆಯಾದ ಎರಡನೇ ವಾರದಿಂದ ನೀನು ಕೋಣೆ ಬಿಟ್ಟು ಹೊರಗೆ ಬರುತ್ತಿಲ್ಲವಂತೆ, ಗಡ್ಡ ಬಿಟ್ಟಿದ್ದೀಯಂತೆ, ಕೇಳಿದ್ದಕ್ಕೆಲ್ಲ ತಲೆಯಾಡಿಸುತ್ತೀಯಂತೆ. ನಾನು ನಿನಗೆ ಅಕ್ಕನಾಗಿ ಹುಟ್ಟಿದವಳು, ಅದು ನನ್ನ ಕೈಯಲ್ಲಿರಲಿಲ್ಲ. ಅವಳು ಪಾಪ, ಕಣ್ಣಾರೆ ನೋಡಿ ಒಪ್ಪಿಕೊಂಡು ಬಂದವಳು. ಅವಳ ಮುಖ ನೋಡಿಯಾದರೂ ಇದನ್ನು ಪೂರ್ತಿ ಓದು.

ಇದು ಸಿಟ್ಟಿನ ಕಾಗದವಲ್ಲ. ಸಿಟ್ಟು ಮಾಡಿಕೊಳ್ಳುವುದಕ್ಕೂ ಒಂದಿಷ್ಟು ಕಸುವು ಬೇಕು, ನನ್ನದೆಲ್ಲ ಕುತ್ತಿಗೆ ನೋವಿನಲ್ಲೇ ಖರ್ಚಾಗಿದೆ. ಅರ್ಧ ಆಯುಷ್ಯ ಪರದೆಯ ಮುಂದೆ ಕೂತು, ಬೇರೆಯವರು ತೆಗೆದದ್ದನ್ನು ಕತ್ತರಿಸಿ ಕತ್ತರಿಸಿ ಸುಸ್ತಾಗಿದ್ದೇನೆ ಕಣೋ. ಎಡಿಟರ್ ಅಂದರೆ ಏನು ಕೆಲಸ ಎಂದು ಯಾರಾದರೂ ಕೇಳಿದರೆ, ಅಡುಗೆ ಮುಗಿದ ಮೇಲೆ ಅನ್ನದೊಳಗಿನ ಕಲ್ಲು ಆರಿಸುವ ಕೆಲಸ ಎನ್ನುತ್ತೇನೆ. ಅವರು ನಗುತ್ತಾರೆ. ನಿನ್ನ ಸಿನಿಮಾದಲ್ಲಿ ಕಲ್ಲು ಆರಿಸಿದ ಮೇಲೆ ತಟ್ಟೆಯಲ್ಲಿ ಅನ್ನವೇ ಉಳಿದಿರಲಿಲ್ಲ ಎಂದು ಅವರಿಗೆ ಹೇಳುವುದಿಲ್ಲ.

ನಿನ್ನೆ ಮಧ್ಯಾಹ್ನ ಯಜಮಾನರು ನನ್ನ ಎಡಿಟಿಂಗ್ ರೂಮಿಗೆ ಬಂದಿದ್ದರು. ದುಡ್ಡು ಹಾಕಿದವರನ್ನು ಯೂನಿಟ್ಟಿನವರೆಲ್ಲ ಹಾಗೆ ಕರೆದು ಕರೆದು ಈಗ ಅವರ ಹೆಂಡತಿಗೂ ಅವರ ಹೆಸರು ಮರೆತಿರಬೇಕು. ಹಿಂದೆ ಮುಂದೆ ಯಾರನ್ನೂ ಕರೆದುಕೊಂಡು ಬಂದಿರಲಿಲ್ಲ. ಚಕ್ರ ಮುರಿದ ಆ ಹಳೆಯ ಕುರ್ಚಿಯಲ್ಲಿ ಕೂತು, ಬೂಟು ಬಿಚ್ಚಿ, ಕಾಲು ಒತ್ತಿಕೊಳ್ಳುತ್ತ ಹೇಳಿದರು: “ಎರಡನೇ ಭಾಗ ಮಾಡಬೇಕಮ್ಮ. ನಿಮ್ಮ ತಮ್ಮ ಮೆಸೇಜಲ್ಲಿ ಒಂದೇ ಒಂದು ಷರತ್ತು ಹಾಕಿದಾರೆ. ಅಕ್ಕ ಎಡಿಟಿಂಗ್ ಮಾಡ್ತೀನಿ ಅಂದ್ರೆ ನಾನೂ ಮಾಡ್ತೀನಿ, ಅಕ್ಕ ಆಗಲ್ಲ ಅಂದ್ರೆ ನಂದೂ ಇಲ್ಲ, ಅಂತ. ಈಗ ಎಲ್ಲ ನಿಮ್ಮ ಕೈಲಿದೆ.”

ಅಂತೂ ನಿನ್ನ ಮುಂದಿನ ಮೂರು ನಾಲ್ಕು ವರ್ಷದ ಬದುಕನ್ನು ಗಂಟು ಕಟ್ಟಿ ನನ್ನ ಮಡಿಲಿಗೆ ಹಾಕಿ, ನೀನು ಗೋಡೆ ಕಡೆ ತಿರುಗಿ ಮಲಗಿದ್ದೀಯ. ಉತ್ತರ ಕೊಡುತ್ತೇನೆ. ಅದಕ್ಕೆ ಮೊದಲು ನಿನ್ನ ಇನ್ನೊಂದು ಪ್ರಶ್ನೆ ಬಾಕಿ ಇದೆ. ಇಷ್ಟು ದಿನದಲ್ಲಿ ನೀನು ನನಗೆ ಕಳಿಸಿದ್ದು ಒಂದೇ ಮೆಸೇಜು: “ಅಕ್ಕಾ, ಥಿಯೇಟರ್ ತುಂಬಿತ್ತಲ್ಲ, ದುಡ್ಡೆಲ್ಲ ಎಲ್ಲಿಗೆ ಹೋಯ್ತು?” ಅದನ್ನು ಓದಿ ನನಗೆ ನಗು ಬಂತು, ಆಮೇಲೆ ಅಳು ಬಂತು. ಇಷ್ಟು ದೊಡ್ಡ ಸಿನಿಮಾ ಮಾಡಿದವನು ಜಾತ್ರೆಯಲ್ಲಿ ಪರ್ಸು ಕಳೆದುಕೊಂಡವನ ಹಾಗೆ ಕೇಳುತ್ತಾನಲ್ಲ ಎಂದು.

ನಿನ್ನ ಕಥೆಯನ್ನು ನಾನು ಮೊದಲು ಕೇಳಿದ್ದು ಆ ಡಬ್ಬಿಂಗ್ ಸ್ಟುಡಿಯೋದ ಮೆಟ್ಟಿಲ ಮೇಲೆ. ಲಿಫ್ಟು ಕೆಟ್ಟಿತ್ತು, ಇಬ್ಬರೂ ಹತ್ತಿ ಏದುಸಿರು ಬಿಡುತ್ತ ಕೂತಿದ್ದೆವು. ಒಬ್ಬ ದೋಣಿಯವನು. ಅವನ ಹೊಳೆಗೆ ಸೇತುವೆ ಬರುತ್ತದೆ. ಕಟ್ಟಿಸುವವನು ಓದಿ ಎಂಜಿನಿಯರ್ ಆದ ಅವನ ಸ್ವಂತ ತಮ್ಮ. ಹೊಟ್ಟೆಪಾಡು ಹೋಯಿತೆಂದು ಅಣ್ಣ ವರ್ಷಗಟ್ಟಲೆ ಜಗಳವಾಡುತ್ತಾನೆ, ಮಾತು ಬಿಡುತ್ತಾನೆ. ಕೊನೆಗೆ ಒಂದು ಬೆಳಿಗ್ಗೆ, ಸೇತುವೆ ಮುಗಿದ ಮೇಲೆ, ಯಾರೂ ಇಲ್ಲದ ಹೊತ್ತಿನಲ್ಲಿ ಬಂದು ಅದರ ಮೇಲೆ ನಡೆಯುತ್ತಾನೆ. ಜೀವನದಲ್ಲಿ ಮೊದಲ ಸಲ ಕಾಲು ಒದ್ದೆಯಾಗದೆ ಆಚೆ ದಡ ಸೇರುತ್ತಾನೆ. ಸೇರಿದ ಮೇಲೆ ಕೈಗಳನ್ನು ಏನು ಮಾಡಬೇಕೆಂದು ತಿಳಿಯುವುದಿಲ್ಲ. ನೀನು ಎದ್ದು ನಿಂತು ಆ ಕೈಗಳನ್ನು ಅಭಿನಯಿಸಿ ತೋರಿಸಿದೆ. ಹುಟ್ಟು ಹಿಡಿದು ಹಿಡಿದು ಗಂಟುಬಿದ್ದ ಬೆರಳುಗಳು ಗಾಳಿಯಲ್ಲಿ ಸುಮ್ಮನೆ ತೆರೆದುಕೊಂಡವು. ಕಾಫಿ ತರುವವನು ಕೆಟಲ್ ಹಿಡಿದುಕೊಂಡು ನಿಂತುಬಿಟ್ಟಿದ್ದ. ನಾನು, “ಇದನ್ನ ಮಾಡು. ಇದನ್ನ ಮಾಡಿ ಆಮೇಲೆ ಬೇಕಾದ್ರೆ ಹಾಳಾಗಿ ಹೋಗು,” ಅಂದಿದ್ದೆ. ಹಿರಿಯರ ಬಾಯಿಂದ ಅಂಥ ಮಾತು ಬರಬಾರದಂತೆ.

ದೋಣಿಯವನ ಪಾತ್ರ ದೊಡ್ಡವರಿಗೆ ಹಿಡಿಸಿತು. ನಮ್ಮ ಹೀರೋವನ್ನು ಸೆಟ್ಟಿನಲ್ಲಿ ಎಲ್ಲರೂ ಕರೆಯುವುದೇ ಹಾಗೆ. ಒಳ್ಳೆಯ ಮನುಷ್ಯ, ಒಳ್ಳೆಯ ನಟ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅವರು ಬಂದರೆ ಅವರ ಸಂಬಳ ಬರುತ್ತದೆ. ಆ ಸಂಬಳಕ್ಕೆ ತಕ್ಕ ಹಾಗೆ ಸಿನಿಮಾ ದೊಡ್ಡದಾಗಬೇಕು. ಸಿನಿಮಾ ದೊಡ್ಡದಾಯಿತಲ್ಲ ಎಂದು ಸಂಬಳ ಇನ್ನಷ್ಟು ದೊಡ್ಡದಾಗುತ್ತದೆ. ನಾಯಿ ತನ್ನ ಬಾಲ ಹಿಡಿಯಲು ಸುತ್ತುವುದನ್ನು ನೋಡಿದ್ದೀಯಲ್ಲ, ಅದಾದರೂ ತಲೆ ತಿರುಗಿದರೆ ನಿಲ್ಲುತ್ತದೆ.

ಆಮೇಲೆ ಬಂತು ದೊಡ್ಡವರ ಹುಟ್ಟುಹಬ್ಬ. ಒಂದೇ ಒಂದು ಶಾಟ್ ತೆಗೆದಿರಲಿಲ್ಲ, ಅಭಿಮಾನಿಗಳಿಗೆ ಅರ್ಧ ನಿಮಿಷದ ಟೀಸರಾದರೂ ಕೊಡಲೇಬೇಕು ಎಂದು ಯಜಮಾನರು ಪಟ್ಟು ಹಿಡಿದರು. ಗ್ರಾಫಿಕ್ಸ್ ಕಂಪನಿಯವರ ಹತ್ತಿರ ಒಂದು ಸ್ಯಾಂಪಲ್ ಇತ್ತು. ಯಾವುದೋ ಬೇರೆ ಗಿರಾಕಿಗೆ ತೋರಿಸಲು ಮಾಡಿ, ಅವರು ಬೇಡ ಅಂದ ಮೇಲೆ ಮೂಲೆಗೆ ಬಿದ್ದಿದ್ದ ತುಣುಕು. ಒಂದು ಕಬ್ಬಿಣದ ಸೇತುವೆ ನಡುವೆ ಮುರಿದು, ಒಂದೊಂದೇ ಕಂಬ ಮಡಚಿಕೊಂಡು ನೀರಿಗೆ ಬೀಳುವ ದೃಶ್ಯ. “ನಮ್ಮ ಕಥೇಲೂ ಸೇತುವೆ ಇದೆಯಲ್ಲ, ಇದನ್ನೇ ಹಾಕೋಣ,” ಎಂದು ಯಾರೋ ಅಂದರು. ಎಲ್ಲರೂ ನಕ್ಕೆವು. ನಿನ್ನದು ಎಲ್ಲರಿಗಿಂತ ಜೋರು ನಗು. “ಸುಮ್ನೆ ಟೀಸರ್ ತಾನೆ ಅಕ್ಕ, ಸಿನಿಮಾದಲ್ಲೇನು ಇರಲ್ವಲ್ಲ,” ಅಂದೆ. ಫೋಟೋ ಶೂಟಿನಲ್ಲಿ ತೆಗೆದ ದೊಡ್ಡವರ ಕಣ್ಣು, ಒಂದು ಸಿಡಿಲಿನ ಸದ್ದು, ಆ ಬೀಳುವ ಸೇತುವೆ. ಮಧ್ಯಾಹ್ನ ಊಟಕ್ಕೆ ಮೊದಲೇ ಜೋಡಿಸಿ ಕೊಟ್ಟುಬಿಟ್ಟೆ.

ಜನ ಅದನ್ನು ನೋಡಿ ಹುಚ್ಚೆದ್ದರು. ಫೋನಿನಲ್ಲಿ, ಬಸ್ಸಿನಲ್ಲಿ, ಆಸ್ಪತ್ರೆಯ ಸಾಲಿನಲ್ಲಿ ಅದೇ ಸೇತುವೆ ಬೀಳುತ್ತಿತ್ತು. ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸಿದರು ಎಂದು ಆಡಿಕೊಳ್ಳುತ್ತಾರಲ್ಲ, ನಾವು ಅವರಿಗಿಂತ ಒಂದು ಹೆಜ್ಜೆ ಮುಂದೆ. ಕುಲಾವಿ ಹೊಲಿಸಿಟ್ಟುಕೊಂಡು, ಅದಕ್ಕೆ ಸರಿಹೋಗುವ ತಲೆಯ ಕೂಸನ್ನು ಹುಡುಕಿಕೊಂಡು ಹೊರಟೆವು. ಊರೂರಿನ ಹಂಚಿಕೆದಾರರು ಬಂದು, ತಮ್ಮ ತಮ್ಮ ಕಡೆಗೆ ಸಿನಿಮಾ ತಮಗೇ ಬೇಕೆಂದು ಅಡ್ವಾನ್ಸ್ ಸುರಿದರು. ಆ ಅಡ್ವಾನ್ಸಿನಲ್ಲೇ ಶೂಟಿಂಗ್ ಶುರುವಾಯಿತು. ಅದು ದೋಣಿಯವನನ್ನು ನೋಡಿ ಕೊಟ್ಟ ದುಡ್ಡಲ್ಲ, ಬೀಳುವ ಸೇತುವೆಯನ್ನು ನೋಡಿ ಕೊಟ್ಟ ದುಡ್ಡು.

ಯಜಮಾನರ ಆಫೀಸಿನ ಆ ಗಾಜಿನ ಮೇಜು ನೆನಪಿದೆಯಾ? ಕೂತವರ ಮೊಣಕಾಲೆಲ್ಲ ಕಾಣುವ ಮೇಜು. “ಸೇತುವೆ ಬೀಳ್ಲೇಬೇಕು. ಬೀಳ್ಲಿಲ್ಲ ಅಂದ್ರೆ ಜನ ಕುರ್ಚಿ ಮುರೀತಾರೆ,” ಅಂದರು ಯಜಮಾನರು. ನಾನು, “ಬಿದ್ರೆ ಕಥೆನೇ ಇಲ್ವಲ್ಲ ಸರ್. ಅವನು ಅದರ ಮೇಲೆ ನಡೀಬೇಕು,” ಅಂದೆ. ಎಲ್ಲರೂ ನಿನ್ನ ಕಡೆ ತಿರುಗಿದರು. ನೀನು ನೀರಿನ ಬಾಟಲಿಯ ಮೇಲಿನ ಚೀಟಿಯನ್ನು ಓದುತ್ತಿದ್ದೆ. ಅಷ್ಟು ಶ್ರದ್ಧೆಯಿಂದ ನೀನು ಪರೀಕ್ಷೆಗೂ ಓದಿರಲಿಲ್ಲ. ಕೊನೆಗೆ ತಲೆಯೆತ್ತಿ ಹೇಳಿದೆ: “ಎರಡೂ ಮಾಡೋಣ. ಮೊದ್ಲು ಬೀಳ್ಲಿ. ಆಮೇಲೆ ಮತ್ತೆ ಕಟ್ಟೋಣ.” ಯಜಮಾನರು ನಿನ್ನ ಬೆನ್ನು ತಟ್ಟಿದರು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರ ನಡುವೆ ಕೂತಿದ್ದೇನೆ ಎಂದು ನನಗೆ ಅವತ್ತು ಗೊತ್ತಾಯಿತು.

ದುಡ್ಡು ಎಲ್ಲಿಗೆ ಹೋಯಿತು ಎಂದು ಕೇಳುತ್ತೀಯಲ್ಲ, ಹೋಗಲು ಶುರುವಾದದ್ದು ಅಲ್ಲಿಂದ. ಸೇತುವೆ ತಾನಾಗಿ ಬೀಳುವುದಿಲ್ಲ, ಬೀಳಿಸಲು ಒಬ್ಬ ಖಳನಾಯಕ ಬೇಕು. ಅವನಿಗೊಂದು ಅರಮನೆಯಂಥ ಮನೆ ಬೇಕು. ಅಷ್ಟು ದೊಡ್ಡ ಮನೆ ಕಟ್ಟಿಸಿದ ಮೇಲೆ ಅಲ್ಲೊಂದು ಹಾಡು ಬೇಡವೆ? ಅಷ್ಟು ಹೊತ್ತಿಗೆ ಸೆಟ್ಟಿನಲ್ಲಿ ನಿನ್ನ ಕಲ್ಲಿನ ಸೇತುವೆ ಅರ್ಧ ಎದ್ದು ನಿಂತಿತ್ತು. ಟೀಸರಿನಲ್ಲಿದ್ದದ್ದು ಕಬ್ಬಿಣದ್ದು. ಜನ ಗುರುತು ಹಿಡಿಯುತ್ತಾರೆಂದು ಕಲ್ಲಿನದನ್ನು ಕೆಡವಿ ಕಬ್ಬಿಣದ್ದನ್ನು ಕಟ್ಟಿಸಿದರು. ಸೆಟ್ಟಿನ ಬಡಗಿ ಮೇಸ್ತ್ರಿ ನನ್ನ ಹತ್ತಿರ, “ಬೀಳ್ಸೋಕೆ ಅಂತ ಇಷ್ಟು ಗಟ್ಟಿಯಾಗಿ ಕಟ್ಟೋದು ನನ್ನ ಸರ್ವೀಸಲ್ಲೇ ಮೊದಲು ಅಮ್ಮ,” ಎಂದು ನಗುತ್ತಿದ್ದ. ಅವನಿಗೇನು, ಕಟ್ಟಿದ್ದಕ್ಕೂ ಕೂಲಿ, ಕೆಡವಿದ್ದಕ್ಕೂ ಕೂಲಿ.

ಅಷ್ಟರಲ್ಲಿ ಬಿಡುಗಡೆಯ ತಾರೀಕು ಘೋಷಣೆಯಾಗಿತ್ತು. ಕಥೆ ಮುಗಿದಿರಲಿಲ್ಲ, ತಾರೀಕು ಮಾತ್ರ ಊರೆಲ್ಲ ಗೋಡೆಯ ಮೇಲೆ. ಒಂದೇ ಗ್ರಾಫಿಕ್ಸ್ ಕಂಪನಿಯಿಂದ ಆಗದೆಂದು ಮೂರು ಕಂಪನಿಗೆ ಹಂಚಿದರು. ಒಬ್ಬರು ಕಳಿಸಿದ ಹೊಳೆ ನೀಲಿ, ಇನ್ನೊಬ್ಬರದು ಹಸಿರು, ಮೂರನೆಯವರದು ಹಾಲು ಕಮ್ಮಿಯಾದ ಚಹಾ. ನಾನು ಒಂದು ಶಾಟಿನಿಂದ ಇನ್ನೊಂದಕ್ಕೆ ಹಾರುವಾಗ ದೋಣಿ ಮೂರು ಹೊಳೆ ದಾಟುತ್ತಿತ್ತು. ಎಲ್ಲ ಮತ್ತೆ ಮಾಡಿಸಬೇಕಾಯಿತು, ಅರ್ಜೆಂಟು ಎಂದು ಎರಡರಷ್ಟು ಕೊಟ್ಟು. ದೊಡ್ಡವರ ಕಾಲ್‌ಶೀಟ್ ಬೇರೆ ಮುಗಿದಿತ್ತು, ಅವರು ಮುಂದಿನ ಸಿನಿಮಾಕ್ಕೆ ಮೀಸೆ ಬೋಳಿಸಿಯಾಗಿತ್ತು. ದ್ವಿತೀಯಾರ್ಧದಲ್ಲಿ ಜನ ದೊಡ್ಡವರ ಬೆನ್ನು ಎಂದು ನೋಡಿ ಶಿಳ್ಳೆ ಹೊಡೆದದ್ದೆಲ್ಲ ಅವರ ಡೂಪಿನ ಬೆನ್ನಿಗೆ. ಪಾಪ, ಅವನಿಗೆ ಬದುಕಿನಲ್ಲಿ ಮೊದಲ ಸಲ ಅಷ್ಟು ಶಿಳ್ಳೆ ಬಿದ್ದಿತ್ತು, ಅದೂ ಅವನಿಗೆ ತಿಳಿಯಲಿಲ್ಲ.

ದುಡ್ಡು ಸುರಿದದ್ದು ಪರದೆಯ ಮೇಲೆ ಕಾಣುತ್ತದೆ ಎಂದು ಹೊರಗಿನವರು ತಿಳಿದಿರುತ್ತಾರೆ. ನಾನು ಎಲ್ಲಿ ನೋಡಿದ್ದೇನೆ ಗೊತ್ತಾ? ನನ್ನ ರೂಮಿನ ಆ ಕಪ್ಪು ಹಾರ್ಡ್ ಡಿಸ್ಕುಗಳ ಸಾಲಿನಲ್ಲಿ. ಖಳನಾಯಕನ ಬಾಲ್ಯ, ಬೇಡವಾಯಿತು. ಕುದುರೆಗಳ ಓಟ, ಕುದುರೆಯವನಿಗೆ ಕೊಟ್ಟಾಯಿತು, ಬೇಡವಾಯಿತು. ಸಾವಿರ ಜನರನ್ನು ಬಿಸಿಲಲ್ಲಿ ನಿಲ್ಲಿಸಿ ತೆಗೆದ ದೊಂಬಿ, ಅದಕ್ಕೆ ಮುಂಚಿನ ದೃಶ್ಯವೇ ಹೋದ ಮೇಲೆ ಯಾತಕ್ಕೆ ದೊಂಬಿ ಎಂದು ಯಾರಿಗೂ ತಿಳಿಯಲಿಲ್ಲ, ಅದೂ ಬೇಡವಾಯಿತು. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ. ಚಿಕ್ಕದಾಗಿ ಮಾಡಿದ್ದರೆ ಎಲ್ಲ ಸರಿಹೋಗುತ್ತಿತ್ತು ಎಂದು ನಾನು ಉಪದೇಶ ಮಾಡುತ್ತಿಲ್ಲ. ಚಿಕ್ಕ ಸಿನಿಮಾಗಳನ್ನೂ ಬೇಕಾದಷ್ಟು ಕತ್ತರಿಸಿದ್ದೇನೆ, ಅವು ಮುಳುಗಿದರೆ ಬೈಯುವುದಕ್ಕೂ ಜನ ಬರುವುದಿಲ್ಲ. ಆದರೆ ಚಿಕ್ಕದರಲ್ಲಿ ತಪ್ಪು ಮಾಡಿದರೆ ನಿಂತು ಯೋಚಿಸಲು ಒಂದು ದಿನ ಸಿಗುತ್ತದೆ. ನಿನ್ನದರಲ್ಲಿ ನಿಲ್ಲುವುದೇ ಎಲ್ಲಕ್ಕಿಂತ ದುಬಾರಿ. ಯಜಮಾನರು ತಂದ ಸಾಲದ ಬಡ್ಡಿಗೆ ಭಾನುವಾರದ ರಜೆಯಿಲ್ಲ, ಹಾಗಾಗಿ ದಾರಿ ತಪ್ಪಿದೆ ಎಂದು ಗೊತ್ತಿದ್ದೂ ಓಡುತ್ತಲೇ ಇದ್ದರು.

ಬಿಡುಗಡೆಗೆ ಮೊದಲು ಪ್ರಚಾರಕ್ಕೆ ಸುರಿದದ್ದರಲ್ಲಿ ಇನ್ನೊಂದು ಸಿನಿಮಾ ಮಾಡಬಹುದಿತ್ತು. ಊರಿಗೆ ಊರೇ ಪೋಸ್ಟರು. ಮೊದಲ ಮೂರು ದಿನ ಎಲ್ಲಿ ನೋಡಿದರೂ ಹೌಸ್‌ಫುಲ್, ಗಳಿಕೆಯ ಅಂಕಿಯನ್ನು ದೊಡ್ಡವರ ಮುಖಕ್ಕಿಂತ ದೊಡ್ಡದಾಗಿ ಅಚ್ಚು ಹಾಕಿಸಿದರು. ಸೋಮವಾರ ಮ್ಯಾಟಿನಿಗೆ ನಾನೊಬ್ಬಳೇ ಹೋದೆ. ಟಿಕೆಟ್ ಕೌಂಟರಿನ ಹುಡುಗಿ ಉಗುರಿಗೆ ಬಣ್ಣ ಹಚ್ಚಿಕೊಳ್ಳುತ್ತಿದ್ದಳು. ಥಿಯೇಟರ್ ಮ್ಯಾನೇಜರ್ ನನ್ನ ಗುರುತು ಹಿಡಿದು, ತನ್ನ ಗೋಳು ತೋಡಿಕೊಂಡ. “ಶುಕ್ರವಾರ ಕಾಲಿಡೋಕೆ ಜಾಗ ಇರ್ಲಿಲ್ಲ ಮೇಡಂ, ಇವತ್ತು ನೋಡಿ, ಎಸಿ ಹಾಕೋಕೂ ಮನಸ್ಸು ಬರ್ತಿಲ್ಲ. ಊರಲ್ಲಿರೋ ಎಲ್ಲ ಥಿಯೇಟರಿಗೂ ಒಟ್ಟಿಗೆ ಕೊಟ್ಬಿಟ್ರಿ. ನೋಡೋರೆಲ್ಲ ಮೂರೇ ದಿನದಲ್ಲಿ ನೋಡಿ ಮುಗಿಸಿದ್ರು. ನಾಳೆಗೆ ಅಂತ ಯಾರನ್ನೂ ಉಳಿಸ್ಲೇ ಇಲ್ಲ ನೀವು.” ಅವನ ದುಃಖವೆಲ್ಲ ಕ್ಯಾಂಟೀನಿನ ತಿಂಡಿ ಮಿಕ್ಕಿತಲ್ಲ ಎಂಬುದಕ್ಕೇ ಹೆಚ್ಚು.

ಒಳಗೆ ನನ್ನ ಮುಂದಿನ ಸಾಲಿನಲ್ಲಿ ಒಂದು ಸಂಸಾರ ಕೂತಿತ್ತು, ಗಂಡ, ಹೆಂಡತಿ, ಇಬ್ಬರು ಮಕ್ಕಳು. ಟಿಕೆಟ್ಟಿನ ಬೆಲೆ ಏರಿಸಿದ್ದರಲ್ಲ, ಆ ನಾಲ್ಕು ಸೀಟಿಗೆ ಅವರು ಏನೇನು ಬಿಟ್ಟು ಬಂದಿದ್ದರೋ. ಮಧ್ಯಂತರಕ್ಕೆ ಸರಿಯಾಗಿ ಸೇತುವೆ ಬಿತ್ತು. ಮಕ್ಕಳು ಚಪ್ಪಾಳೆ ತಟ್ಟಿದರು. ದೀಪ ಹತ್ತಿದಾಗ ಆ ಹೆಂಗಸು ಗಂಡನಿಗೆ ಹೇಳಿದಳು: “ಬಿತ್ತಲ್ಲ, ಇನ್ನೇನಿದೆ, ಹೋಗೋಣ್ವಾ? ಮಳೆ ಬರೋ ಹಾಗಿದೆ.” ಅವರು ಎದ್ದು ಹೋದರು. ಬೈದುಕೊಂಡು ಹೋಗಲಿಲ್ಲ, ತೃಪ್ತಿಯಿಂದಲೇ ಹೋದರು. ಟೀಸರಿನಲ್ಲಿ ನಾವು ಏನು ಮಾರಿದ್ದೆವೋ ಅದು ಅವರಿಗೆ ಸಿಕ್ಕಿತ್ತು. ಹೊರಗೆ ಹೋಗಿ ಇನ್ನೊಬ್ಬರಿಗೆ ‘ನೀವೂ ನೋಡಿ’ ಎನ್ನಲು ಅದರಲ್ಲಿ ಏನಿದೆ? ಆ ಇನ್ನೊಬ್ಬರೂ ಅದನ್ನು ಫೋನಿನಲ್ಲಿ ಪುಕ್ಕಟೆ ನೋಡಿದ್ದಾರೆ.

ಇನ್ನು ಆ ಮೂರು ದಿನದ ದುಡ್ಡು. ಪೋಸ್ಟರಿನಲ್ಲಿ ಬಂದ ಅಂಕಿ ಬಾಗಿಲಲ್ಲಿ ಎಣಿಸಿದ್ದು ತಮ್ಮಾ, ಒಳಮನೆಗೆ ಬಂದದ್ದಲ್ಲ. ಒಂದು ಟಿಕೆಟ್ ಹರಿದರೆ ಮೊದಲು ಸರ್ಕಾರ ತನ್ನ ತೆರಿಗೆ ತೆಗೆದುಕೊಳ್ಳುತ್ತದೆ. ಉಳಿದದ್ದರಲ್ಲಿ ಹತ್ತಿರ ಹತ್ತಿರ ಅರ್ಧ ಥಿಯೇಟರಿನವನದು. ಮಿಕ್ಕಿದ್ದರಲ್ಲಿ ಹಂಚಿಕೆದಾರ ತಾನು ಕೊಟ್ಟ ಅಡ್ವಾನ್ಸ್ ಮುರಿದುಕೊಳ್ಳುತ್ತಾನೆ, ಮೇಲೆ ತನ್ನ ಕಮಿಷನ್. ದೊಡ್ಡವರಿಗೆ ಸಂಬಳ ಸಾಲದೆಂದು, ಬಂದ ಹಣದಲ್ಲೂ ಪಾಲು ಬರೆದುಕೊಟ್ಟಿದ್ದರು, ಅದು ಲಾಭವೋ ನಷ್ಟವೋ ನೋಡುವ ಮೊದಲೇ ಹೋಗುವ ಪಾಲು. ಆಮೇಲೆ ಸಾಲ ಕೊಟ್ಟವನು ಬರುತ್ತಾನೆ. ಟಿವಿಗೆ ಮಾರಿದ್ದೆವಲ್ಲ ಎನ್ನುತ್ತೀಯ. ಆ ದುಡ್ಡನ್ನೇ ಹೊಳೆಗೆ ಮೂರು ಬಣ್ಣ ಹಚ್ಚಿ ಅಳಿಸಲು ಬಳಸಿದ್ದು. ಹಾಕಿದ್ದು ಹಿಂದಕ್ಕೆ ಬರಬೇಕಾದರೆ ಹಾಕಿದ್ದರ ಎರಡೂವರೆಯೋ ಮೂರೋ ಪಟ್ಟು ಬಾಗಿಲಲ್ಲಿ ಬೀಳಬೇಕಿತ್ತು, ಮೂರು ದಿನದಲ್ಲಿ ಅದು ಎಲ್ಲಿಂದ ಬೀಳುತ್ತದೆ? ಯಾರೂ ಕದ್ದಿಲ್ಲ. ಕದ್ದಿದ್ದರೆ ಹಿಡಿಯಬಹುದಿತ್ತು. ಎಲ್ಲರೂ ಮೊದಲೇ ಒಪ್ಪಿಕೊಂಡು ಸಹಿ ಹಾಕಿದ ಹಾಗೆಯೇ ನಡೆಯಿತು, ಆ ಸಹಿಗಳ ನಡುವೆ ಲಾಭಕ್ಕೆ ಜಾಗ ಬಿಟ್ಟಿರಲಿಲ್ಲ ಅಷ್ಟೆ.

ನಿನ್ನೆ ಯಜಮಾನರನ್ನು ನೇರವಾಗಿ ಕೇಳಿದೆ. “ಇಷ್ಟಾದ ಮೇಲೂ ಎರಡನೇದು ಯಾಕೆ ಸರ್?” ಅವರು ಕಾಲು ಒತ್ತುವುದನ್ನು ನಿಲ್ಲಿಸಿದರು. “ಎರಡನೇದು ಬರ್ತಿದೆ ಅನ್ನೋವರೆಗೂ ಮೊದಲನೇದು ನಷ್ಟ ಅಲ್ಲಮ್ಮ. ಹಂಚಿಕೆದಾರರು ಅದರಲ್ಲಿ ಮುರ್ಕೊಳ್ಳೋಣ ಅಂತ ಸುಮ್ನಿದಾರೆ. ಸಾಲದವನೂ ಕಾಯ್ತಾನೆ. ಇಲ್ಲ ಅಂದ ದಿನ ಎಲ್ಲರೂ ಒಟ್ಟಿಗೆ ಬಾಗಿಲಿಗೆ ಬರ್ತಾರೆ.” ಆಮೇಲೆ ಮೆಲ್ಲಗೆ, “ನಂಗೂ ಸಾಕಾಗಿದೆ,” ಅಂದರು. ನನಗೆ ಅವರ ಮೇಲೆ ಕರುಣೆ ಬಂತು. ಆ ಮನುಷ್ಯ ಹುಲಿ ಸವಾರಿ ಮಾಡುತ್ತಿದ್ದಾರೆ, ಇಳಿದರೆ ಹುಲಿಯ ಬಾಯಿಗೆ.

ಹೋಗುವಾಗ ಒಂದು ಕೆಲಸ ಹೇಳಿ ಹೋದರು. ಎರಡನೇ ಭಾಗಕ್ಕೆ ಟೀಸರ್ ಬೇಕಂತೆ, ತಾರೀಕಿನ ಜೊತೆ ಬಿಡಲು. ಕಥೆಯಿಲ್ಲ, ಶೂಟಿಂಗ್ ಇಲ್ಲ, ನಿನ್ನ ಒಪ್ಪಿಗೆಯೂ ಇಲ್ಲ. ಮೊದಲನೆಯದರಲ್ಲಿ ಕತ್ತರಿಸಿ ಎಸೆದದ್ದರಲ್ಲೇ ಏನಾದರೂ ಮಾಡಿ ಎಂದರು. ಅವರು ಹೋದ ಮೇಲೆ, ಬೇಡ ಬೇಡ ಎಂದುಕೊಂಡೇ ಡಿಸ್ಕು ತೆಗೆದೆ. ಆ ಕುದುರೆಗಳನ್ನು ಎತ್ತಿಕೊಂಡೆ. ಕಾರಣವಿಲ್ಲದ ಆ ದೊಂಬಿಯನ್ನು ಜೋಡಿಸಿದೆ. ನಡುವೆ ಒಂದು ಕ್ಷಣ ಪೂರ್ತಿ ಕತ್ತಲೆ, ಆಮೇಲೆ ಡೂಪಿನ ಬೆನ್ನು. ಒಂದು ಲೋಟ ಕಾಫಿ ಆರುವುದರೊಳಗೆ ಮುಗಿಯಿತು. ಹಾಕಿ ನೋಡಿದೆ. ಮೈ ಜುಮ್ಮೆಂದಿತು ಕಣೋ. ಇಲ್ಲದೇ ಇರುವ ಸಿನಿಮಾವನ್ನು ಈಗಲೇ ನೋಡಬೇಕೆಂದು ನನಗೇ ಆಸೆಯಾಯಿತು. ಈ ಕೆಲಸದಲ್ಲಿ ನನ್ನ ಕೈ ಎಷ್ಟು ಪಳಗಿದೆಯೆಂದು ನೋಡಿ ಹೆದರಿಕೆಯಾಯಿತು. ಅದನ್ನು ಅಳಿಸಿಹಾಕಿ, ಎದ್ದು, ಮುಖ ತೊಳೆದುಕೊಂಡು ಬಂದೆ.

ನೀನು ಈಗ ಏನು ಅಂದುಕೊಳ್ಳುತ್ತಿದ್ದೀಯ ಗೊತ್ತು. ಆ ಡಿಸ್ಕುಗಳಲ್ಲೇ ಎಲ್ಲೋ ನಮ್ಮ ಹಳೆಯ ಸಿನಿಮಾ ಇದೆ, ಅಕ್ಕ ಗುಟ್ಟಾಗಿ ಅದನ್ನು ಜೋಡಿಸಿಟ್ಟಿದ್ದಾಳೆ, ಒಂದು ದಿನ ತೋರಿಸುತ್ತಾಳೆ ಎಂದು. ಇಲ್ಲ ತಮ್ಮಾ. ಹುಡುಕಿ ನೋಡಿದೆ. ದೋಣಿಯವನು ನಡೆಯುವ ದೃಶ್ಯಕ್ಕೆ ಇಟ್ಟಿದ್ದ ದಿನಗಳನ್ನು ಸೇತುವೆ ಬೀಳಿಸಲು ತೆಗೆದುಕೊಂಡರು. ಅದನ್ನು ನೀನು ತೆಗೆಯಲೇ ಇಲ್ಲ. ಮತ್ತೆ ಕಟ್ಟುವುದನ್ನೂ ತೆಗೆಯಲಿಲ್ಲ, ಕೊನೆಗೆ ಎರಡು ಸಾಲು ಬರಹ ಹಾಕಿ ಮುಗಿಸಿದೆವು. ತೆಗೆಯದೇ ಇದ್ದದ್ದನ್ನು ಯಾವ ಎಡಿಟರೂ ಜೋಡಿಸಿಕೊಡಲಾರಳು. ಇದೊಂದನ್ನು ಬರೆಯುವಾಗ ಮಾತ್ರ ನನಗೆ ಕಣ್ಣು ತುಂಬಿ ಬಂತು.

ಈಗ ನಿನ್ನ ಷರತ್ತಿಗೆ ಬರುತ್ತೇನೆ. ನಮ್ಮ ಬೀದಿಯ ಹುಡುಗರು ಆಟಕ್ಕೆ ಕರೆಯಲು ಬಂದಾಗ, ಹೋಗಲು ಮನಸ್ಸಿಲ್ಲದ ದಿನ ನೀನು ನನ್ನ ಹಿಂದೆ ನಿಂತು ಲಂಗ ಜಗ್ಗುತ್ತಿದ್ದೆ. ‘ಅವನಿಗೆ ಜ್ವರ’ ಎಂದು ನಾನು ಹೇಳಿ ಕಳಿಸುತ್ತಿದ್ದೆ. ನಿನಗೆ ಎಷ್ಟು ಜ್ವರ ಬರಿಸಿದ್ದೇನೆಂದು ದೇವರಿಗೇ ಗೊತ್ತು. ದೊಡ್ಡವನಾದ ಮೇಲೆ ಆ ಮೊದಲ ಕೆಲಸ ಬಿಡುವಾಗ, ಮ್ಯಾನೇಜರಿಗೆ ಫೋನು ಮಾಡಿ ‘ನಾಳೆಯಿಂದ ಬರಲ್ವಂತೆ’ ಎಂದದ್ದೂ ನಾನೇ. ಅಮ್ಮ ಹೇಳುತ್ತಿದ್ದಳಲ್ಲ: “ಇವನಿಗೆ ಹೂಂ ಅನ್ನೋಕೆ ಸ್ವಂತ ಬಾಯಿ, ಇಲ್ಲ ಅನ್ನೋಕೆ ಅಕ್ಕನ ಬಾಯಿ.” ನಾವೆಲ್ಲ ನಗುತ್ತಿದ್ದೆವು. ಹೂಂ ಎನ್ನುವ ಬಾಯಿ ಎಷ್ಟು ದುಬಾರಿಯೆಂದು ಅವಳಿಗೆ ಗೊತ್ತಿರಲಿಲ್ಲ. ಟೀಸರಿಗೆ ಹೂಂ, ಬೀಳುವುದಕ್ಕೆ ಹೂಂ, ಕಬ್ಬಿಣಕ್ಕೆ ಹೂಂ, ತಾರೀಕಿಗೆ ಹೂಂ. ನೀನೊಬ್ಬನೇ ಅಲ್ಲ, ಆ ಗಾಜಿನ ಮೇಜಿನ ಸುತ್ತ ಕೂತವರೆಲ್ಲ ಒಬ್ಬರಿಗೊಬ್ಬರು ಹೂಂ ಎನ್ನುತ್ತಿದ್ದರು. ಆದರೆ ಅವರ್‍ಯಾರೂ ನನ್ನ ತಮ್ಮಂದಿರಲ್ಲ.

ಈಗಲೂ ನೀನು ಮಾಡುತ್ತಿರುವುದು ಅದನ್ನೇ. ನಿನಗೆ ಈ ಎರಡನೇ ಭಾಗ ಬೇಡ. ಬೇಕಾಗಿದ್ದರೆ ಇಷ್ಟು ಹೊತ್ತಿಗೆ ಕೋಣೆಯಿಂದ ಹೊರಗೆ ಬಂದು ಕಥೆ ಬರೆಯುತ್ತಿದ್ದೆ, ನಿನ್ನನ್ನು ನಾನು ಬಲ್ಲೆ. ಅಕ್ಕ ಒಲ್ಲೆ ಎಂದಳು, ಅದಕ್ಕೇ ಬಿಟ್ಟೆ ಎಂದು ಹೇಳಲು ಅನುಕೂಲವಾಗಲಿ ಎಂದು ನನ್ನ ಲಂಗ ಜಗ್ಗುತ್ತಿದ್ದೀಯ. ಈ ವಯಸ್ಸಿನಲ್ಲಿ, ಈ ಗಡ್ಡ ಇಟ್ಟುಕೊಂಡು.

ಇವತ್ತು ಬೆಳಿಗ್ಗೆ ಯಜಮಾನರಿಗೆ ಫೋನು ಮಾಡಿದೆ. “ನಾನು ಎಡಿಟಿಂಗ್ ಮಾಡಲ್ಲ ಸರ್. ಟೀಸರೂ ಮಾಡಲ್ಲ. ಆದ್ರೆ ಇದು ನನ್ನ ಉತ್ತರ, ಅವನದಲ್ಲ. ಅವನ ಷರತ್ತನ್ನ ನಾನು ಒಪ್ಪಲ್ಲ. ಅವನು ಮಾಡ್ತಾನೋ ಇಲ್ವೋ, ಅವನನ್ನೇ ಕೇಳಿ,” ಎಂದೆ. ಅವರು “ಹಾಗಾದ್ರೆ ಗುರುವಾರ ಅವರ ಮನೆಗೇ ಹೋಗ್ತೀನಿ,” ಎಂದರು. ನಿನ್ನ ಹೆಂಡತಿ ಅವರಿಗೆ ಕುರ್ಚಿ ಹಾಕಿ ಕಾಫಿ ಕೊಡುತ್ತಾಳೆ. ಅಷ್ಟು ಬಿಟ್ಟು ಇನ್ನೇನೂ ಮಾತಾಡಬಾರದು ಎಂದು ಅವಳಿಂದ ಮಾತು ತೆಗೆದುಕೊಂಡಿದ್ದೇನೆ. ನಾನು ಬರುವುದಿಲ್ಲ. ನೀನು ಎಷ್ಟು ಸಲ ಫೋನು ಮಾಡಿದರೂ ಅವತ್ತು ಎತ್ತುವುದಿಲ್ಲ.

ಮಾಡುತ್ತೇನೆ ಎನ್ನುವುದಾದರೆ ಮಾಡು. ನನಗೆ ಬೇಸರವಿಲ್ಲ. ಬೇರೆ ಎಡಿಟರ್ ಇಟ್ಟುಕೊ, ನನಗಿಂತ ಚುರುಕಾದವರು ಬೇಕಾದಷ್ಟಿದ್ದಾರೆ. ಮೊದಲ ದಿನ ಟಿಕೆಟ್ ಕೊಂಡು ಬಂದು, ಕೊನೆಯ ಹೆಸರು ಬರುವ ತನಕ ಕೂತು ನೋಡುತ್ತೇನೆ. ಬೇಡ ಎನ್ನುವುದಾದರೆ ಬೇಡ ಎನ್ನು, ಆದರೆ ‘ಅಕ್ಕ ಬೇಡ ಅಂದಳು’ ಎನ್ನಬೇಡ. ಬಾಟಲಿಯ ಚೀಟಿ ಓದುತ್ತ ಕೂರಬೇಡ. ‘ನನಗೆ ಬೇಡ ಸರ್’ ಎಂದು ಅವರ ಮುಖ ನೋಡಿ ಹೇಳು. ಅವರು ಅಳಬಹುದು, ಕೂಗಾಡಬಹುದು, ನಿನ್ನ ಮೇಲೆ ಕೇಸು ಹಾಕುತ್ತೇನೆ ಎನ್ನಬಹುದು. ಹಾಕಲಿ, ಅದನ್ನು ಇಬ್ಬರೂ ಸೇರಿ ನೋಡಿಕೊಳ್ಳೋಣ. ಇನ್ನು ಯಾರೂ ನಿನ್ನನ್ನು ಕರೆಯದೇ ಹೋಗಬಹುದು, ಸುಳ್ಳು ಧೈರ್ಯ ಹೇಳುವುದಿಲ್ಲ. ನಿನ್ನ ಗಂಟಲು ಒಣಗುತ್ತದೆ, ಗೊತ್ತು. ನನಗೂ ಪ್ರತಿಸಲ ಒಣಗುತ್ತಿತ್ತು ಕಣೋ, ನಿನ್ನ ಪರವಾಗಿ ಹೇಳುವಾಗಲೆಲ್ಲ. ನೀನು ನನ್ನ ಬೆನ್ನ ಹಿಂದೆ ಇರುತ್ತಿದ್ದೆಯಲ್ಲ, ನಿನಗೆ ಅದು ಕಾಣಿಸಿಲ್ಲ.

ನಿನ್ನ ಬಾಯಿಗೆ ನಿನ್ನದೇ ಮಾತು ಬರಲಿ, ಬಂದ ಮಾತು ಗಟ್ಟಿಯಾಗಿ ನಿಲ್ಲಲಿ ಎಂದು ಹರಸುತ್ತ,

ಇನ್ನು ಮುಂದೆ ನಿನ್ನ ಪರವಾಗಿ ಯಾರಿಗೂ ಏನೂ ಹೇಳದ,
ನಿನ್ನ ಅಕ್ಕ